ಆರ್ಚ್ ಮ್ಯಾನಿಂಗ್ ನಿಜಕ್ಕೂ ಸುಧಾರಿಸಿದ್ದಾನಾ? ಬಿಸಿಬೇಳೆಬಾತ್ ಬಾಜಿಗೆ ಒಂದು ಉತ್ತರ

ಪ್ರಶ್ನೆ: ಸರ್, ನಾವು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದೇವೆ. ಊರು ದಾವಣಗೆರೆ. ಮಗಳು ಟೆಕ್ಸಸ್ ಯೂನಿವರ್ಸಿಟಿ ಸೇರಿದ ಮೇಲೆ ನನಗೂ ಈ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿತು. ಶನಿವಾರ ಬಂದರೆ ನಾಲ್ಕು ಕನ್ನಡದ ಮನೆಯವರು ಸೇರಿ ಮ್ಯಾಚ್ ನೋಡುತ್ತೇವೆ. ಕಳೆದ ಸೆಪ್ಟೆಂಬರ್‌ನಲ್ಲಿ ಯುಟೆಪ್ (ಎಲ್ ಪಾಸೋದ ಕಾಲೇಜು) ವಿರುದ್ಧ ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಆರ್ಚ್ ಮ್ಯಾನಿಂಗ್ ಸಾಲುಸಾಲಾಗಿ ಎಸೆತ ತಪ್ಪಿಸಿದಾಗ ನಮ್ಮ ಸ್ನೇಹಿತರೊಬ್ಬರು "ಇವನಿಗೆ ಮನೆತನದ ಹೆಸರು ಬಿಟ್ಟರೆ ಏನೂ ಇಲ್ಲ" ಅಂದರು. ಸೀಸನ್ ಮುಗಿಯುವಷ್ಟರಲ್ಲಿ ಹುಡುಗ ಸುಧಾರಿಸಿರುತ್ತಾನೆ ಅಂತ ನಾನು ಬಾಜಿ ಕಟ್ಟಿದೆ. ಸೋತವರು ನಾಲ್ಕೂ ಮನೆಗೆ ಬಿಸಿಬೇಳೆಬಾತ್ ಮಾಡಬೇಕು. ಸೀಸನ್ ಮುಗಿದು ತಿಂಗಳುಗಳಾದರೂ ಜಗಳ ಮುಗಿದಿಲ್ಲ. ನಾನು ವ್ಯಾಂಡರ್‌ಬಿಲ್ಟ್, ಅರ್ಕಾನ್ಸಾ ಮ್ಯಾಚ್ ತೋರಿಸುತ್ತೇನೆ, ಅವರು ಜಾರ್ಜಿಯಾ ಮ್ಯಾಚ್ ತೋರಿಸುತ್ತಾರೆ. ಹುಡುಗ ನಿಜವಾಗಿ ಸುಧಾರಿಸಿದ್ದಾನಾ, ಇಲ್ಲಾ ಎದುರಿನವರು ಸುಲಭದವರಾಗಿದ್ದರಾ? ನಮ್ಮಂಥವರು ಏನು ನೋಡಿ ಗುರುತಿಸಬೇಕು? ಅಕ್ಟೋಬರ್‌ನಲ್ಲೇ ಕೋಚ್ ಅವನನ್ನು ಕೂರಿಸಬೇಕಿತ್ತು ಅಂತ ಮಗಳ ಗೆಳೆಯರು ಹೇಳುತ್ತಾರೆ. ಅದು ಸರಿಯಾ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು. ಬಾಜಿಗೆ ಕಟ್ಟಿದ ಊಟ ಚೆನ್ನಾಗಿದೆ. ಆದರೆ ಬಾಜಿಯ ಮಾತೇ ಸ್ವಲ್ಪ ಸಡಿಲ. "ಸುಧಾರಿಸಿರುತ್ತಾನೆ" ಎಂದರೆ ಏನು? ನಿಮ್ಮ ಪ್ರಕಾರ ಹೆಚ್ಚು ಯಾರ್ಡ್ (ಚೆಂಡು ಮುಂದೆ ಸಾಗಿದ ದೂರ), ಹೆಚ್ಚು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು). ನಿಮ್ಮ ಸ್ನೇಹಿತರ ಪ್ರಕಾರ ದೊಡ್ಡ ತಂಡದ ಮುಂದೆ ಗೆಲ್ಲುವುದು. ಎರಡೂ ಬೇರೆ ಬೇರೆ ವಿಷಯ. ಅದಕ್ಕೇ ಜಗಳ ಹರಿಯುತ್ತಿಲ್ಲ.

ನನ್ನ ಕೆಲಸ ಇಲ್ಲಿನ ಹೈಸ್ಕೂಲ್ ತಂಡಗಳಿಗೆ ಆಟದ ವಿಡಿಯೋ ಬಿಡಿಸಿ ನೋಡಿಕೊಡುವುದು. ಶುಕ್ರವಾರ ರಾತ್ರಿ ಆಟ, ಶನಿವಾರ ಬೆಳಗ್ಗೆ ನನ್ನ ಮುಂದೆ ನೂರೈವತ್ತು ತುಣುಕು ವಿಡಿಯೋ. ಹದಿನಾರು ಹದಿನೇಳರ ಕ್ವಾರ್ಟರ್‌ಬ್ಯಾಕ್ ಹುಡುಗರನ್ನು ತುಂಬ ನೋಡಿದ್ದೇನೆ. ತುಂಬ ಸಲ ತಪ್ಪಾಗಿಯೂ ಅಳೆದಿದ್ದೇನೆ. ಅದರ ಕತೆ ಆಮೇಲೆ.

ಮೊದಲು ಆ ಮನೆತನದ ಮಾತು ಮುಗಿಸಿಬಿಡೋಣ. ಅಜ್ಜ ಆರ್ಚಿ, ಚಿಕ್ಕಪ್ಪಂದಿರು ಪೇಟನ್ ಮತ್ತು ಈಲೈ. ಮೂವರೂ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಕ್ವಾರ್ಟರ್‌ಬ್ಯಾಕ್‌ಗಳಾಗಿದ್ದವರು. ಹಾಗಾಗಿ 2025ರ ಆಗಸ್ಟ್‌ನಲ್ಲಿ ಹುಡುಗ ಓಹಿಯೋ ಸ್ಟೇಟ್ ಮೈದಾನಕ್ಕೆ ಇಳಿದಾಗ ಎಲ್ಲರೂ ಅವನನ್ನು ಪಳಗಿದ ಆಟಗಾರ ಅಂತಲೇ ನೋಡಿದರು. ಟೆಕ್ಸಸ್ ಕೂಡ ತನ್ನ ಇತಿಹಾಸದಲ್ಲೇ ಮೊದಲ ಸಲ ಎಪಿ ಪಟ್ಟಿಯಲ್ಲಿ (ಪತ್ರಕರ್ತರು ಮತ ಹಾಕಿ ಮಾಡುವ ತಂಡಗಳ ಶ್ರೇಣಿ) ಒಂದನೇ ಸ್ಥಾನದಿಂದ ಸೀಸನ್ ಶುರು ಮಾಡಿತ್ತು. ನಿಜ ಸಂಗತಿ ಏನೆಂದರೆ ಅಲ್ಲಿಯವರೆಗೆ ಕಾಲೇಜು ಆಟದಲ್ಲಿ ಅವನು ಎಸೆದ ಒಟ್ಟು ಚೆಂಡು 95. 2023ರಲ್ಲಿ 5, 2024ರಲ್ಲಿ ಆಗಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್‌ಗೆ ಬದಲಿಯಾಗಿ 90. ಕಾಲೇಜಿನಲ್ಲಿ ಮೂರನೇ ವರ್ಷ, ಆಟದಲ್ಲಿ ಹೆಚ್ಚುಕಡಿಮೆ ಮೊದಲ ವರ್ಷ. ರಕ್ತದಲ್ಲಿ ಆಟ ಬರುತ್ತದೆ ಅನ್ನುವವರಿಗೆ ಇನ್ನೊಂದು ಮಾತು. ಪೇಟನ್ ಮ್ಯಾನಿಂಗ್ ಎನ್‌ಎಫ್‌ಎಲ್‌ಗೆ ಬಂದ ಮೊದಲ ವರ್ಷ, 1998ರಲ್ಲಿ, 28 ಚೆಂಡು ಎದುರಾಳಿಗಳ ಕೈಗೆ ಹಾಕಿದ್ದರು. ರಕ್ತಕ್ಕೂ ಕಲಿಯಲು ಸಮಯ ಬೇಕು.

ಈಗ ಅಂಕಿಗೆ ಬರೋಣ. ಸುಧಾರಣೆ ಅಂದ ಕೂಡಲೇ ಜನ ನೋಡುವುದು ಮ್ಯಾಚ್‌ನಿಂದ ಮ್ಯಾಚ್‌ಗೆ ಅಂಕಿ ಏರಿತಾ ಅಂತ. ಅದರಲ್ಲಿ ಎಷ್ಟು ಮೋಸ ಇದೆ ನೋಡಿ. ಸೆಪ್ಟೆಂಬರ್ 13ರಂದು ಯುಟೆಪ್ ವಿರುದ್ಧ ಅವನು 25 ಎಸೆದು 11 ಮುಟ್ಟಿಸಿದ. 114 ಯಾರ್ಡ್, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್ (ಎದುರಾಳಿಯ ಕೈ ಸೇರಿದ ಎಸೆತ). ನಡುವೆ ಸತತ ಹತ್ತು ಎಸೆತ ಖಾಲಿ. ತವರಿನ ಜನವೇ ಕೂಗಿ ಮೂದಲಿಸಿದರು. ಸರಿಯಾಗಿ ಏಳು ದಿನಕ್ಕೆ ಸ್ಯಾಮ್ ಹ್ಯೂಸ್ಟನ್ ವಿರುದ್ಧ 21ಕ್ಕೆ 18, 309 ಯಾರ್ಡ್, ಮೂರು ಟಚ್‌ಡೌನ್. ಕಾಲೇಜು ಆಟಕ್ಕೆ ಒಂದು ಪಾಸರ್ ರೇಟಿಂಗ್ ಲೆಕ್ಕ ಇದೆ: ಯಾರ್ಡ್‌ಗೆ 8.4, ಟಚ್‌ಡೌನ್‌ಗೆ 330, ಮುಟ್ಟಿದ ಎಸೆತಕ್ಕೆ 100 ಕೂಡಿಸಿ, ಇಂಟರ್‌ಸೆಪ್ಷನ್‌ಗೆ 200 ಕಳೆದು, ಒಟ್ಟು ಎಸೆತದಿಂದ ಭಾಗಿಸುವುದು. ಅದರ ಪ್ರಕಾರ ಮೊದಲ ವಾರ 87.5, ಮುಂದಿನ ವಾರ 256.5. ಆಗ ಎರಡೂ ತಂಡ ಒಂದೇ ಕಾನ್ಫರೆನ್ಸ್‌ನವು (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು). ಏಳು ದಿನದಲ್ಲಿ ಯಾರಾದರೂ ಮೂರು ಪಟ್ಟು ಒಳ್ಳೆಯ ಆಟಗಾರ ಆಗುತ್ತಾರಾ? ಅಕ್ಟೋಬರ್‌ನಲ್ಲಿ ಇದೇ ಉಲ್ಟಾ ಆಯಿತು. 11ನೇ ತಾರೀಖು ಓಕ್ಲಹೋಮಾ ವಿರುದ್ಧ 27ಕ್ಕೆ 21. ಮುಂದಿನ ವಾರ ಕೆಂಟಕಿ ವಿರುದ್ಧ ಅದೇ 27ಕ್ಕೆ ಬರೀ 12.

ಇದರಲ್ಲಿ ಎಷ್ಟೋ ಪಾಲು ಸುಮ್ನೆ ಅದೃಷ್ಟ. ನೀವು ಎಂಜಿನಿಯರ್ ಆಗಿದ್ದರೆ ಲೆಕ್ಕ ಹಾಕಿ ನೋಡಿ. ನೂರಕ್ಕೆ ಅರವತ್ತು ಮುಟ್ಟಿಸುವ ಹುಡುಗ 30 ಚೆಂಡು ಎಸೆದರೆ ಸರಾಸರಿ 18 ಮುಟ್ಟಬೇಕು. ಅವನ ಕೈಚಳಕ ಕೂದಲಷ್ಟೂ ಬದಲಾಗದಿದ್ದರೂ ಒಂದು ಮ್ಯಾಚ್‌ನಲ್ಲಿ 15, ಇನ್ನೊಂದರಲ್ಲಿ 21 ಬರುವುದು ತೀರ ಸಹಜ. ಐದರಲ್ಲಿ ಒಂದು ಸಲ ಆ ಗೆರೆಯನ್ನೂ ದಾಟುತ್ತದೆ. ಅಂದರೆ ಶೇಕಡಾ 50ರ ಆಟಕ್ಕೂ 70ರ ಆಟಕ್ಕೂ ನಡುವೆ ಕಲಿಕೆ ಏನೂ ಇಲ್ಲದೆಯೂ ಇರಬಹುದು. ವರ್ಷಕ್ಕೆ ಇರುವುದು ಹನ್ನೆರಡು ಲೀಗ್ ಮ್ಯಾಚ್. ಕ್ರಿಕೆಟ್‌ನಲ್ಲಿ ಹನ್ನೆರಡು ಇನಿಂಗ್ಸ್ ನೋಡಿ ಯಾರ ಹಣೆಬರಹವನ್ನೂ ಬರೆಯುವುದಿಲ್ಲ, ಅಲ್ವಾ?

ಹಾಗಂತ ಅಂಕಿ ಬಿಸಾಡುವುದು ಬೇಡ. ಗುಡ್ಡೆ ಹಾಕುವ ರೀತಿ ಬದಲಿಸಬೇಕು ಅಷ್ಟೇ. ನಾನು ಕೂತು ಕೂಡಿಸಿದ್ದು ಹೀಗಿದೆ. ಕೆಂಟಕಿವರೆಗಿನ ಮೊದಲ ಏಳು ಮ್ಯಾಚ್‌ನಲ್ಲಿ 189 ಎಸೆತ, 114 ಮುಟ್ಟಿದವು. ಶೇಕಡಾ 60.3. ಕೊನೆಯ ಐದು ಲೀಗ್ ಮ್ಯಾಚ್‌ನಲ್ಲಿ 181 ಎಸೆತ, 113 ಮುಟ್ಟಿದವು. ಶೇಕಡಾ 62.4. ಟಚ್‌ಡೌನ್ ಎರಡು ಕಡೆಯೂ ಹನ್ನೆರಡೇ. ಇಂಟರ್‌ಸೆಪ್ಷನ್ ಐದರಿಂದ ಎರಡಕ್ಕೆ ಇಳಿದಿದೆ. ಇಷ್ಟೇ ನೋಡಿದರೆ ನಿಮ್ಮ ಸ್ನೇಹಿತರು ಕೈತಟ್ಟಿ ನಗುತ್ತಾರೆ.

ಆದರೆ ಮೊದಲ ಏಳರಲ್ಲಿ ಮೂರು ಸುಲಭದ ಮ್ಯಾಚ್ ಇವೆ: ಸ್ಯಾನ್ ಹೋಸೆ ಸ್ಟೇಟ್, ಯುಟೆಪ್, ಸ್ಯಾಮ್ ಹ್ಯೂಸ್ಟನ್. ಕೊನೆಯ ಐದೂ ಎಸ್‌ಇಸಿ ತಂಡಗಳು, ಅಂದರೆ ಟೆಕ್ಸಸ್ ಇರುವ ಗಟ್ಟಿ ಕಾನ್ಫರೆನ್ಸ್‌ನವು. ಆದ್ದರಿಂದ ಎಸ್‌ಇಸಿ ವಿರುದ್ಧದ ಆಟವನ್ನು ಮಾತ್ರ ಪಕ್ಕಪಕ್ಕ ಇಡಿ. ಅದರಲ್ಲಿ ಮೊದಲ ಮೂರರಲ್ಲಿ (ಫ್ಲೋರಿಡಾ, ಓಕ್ಲಹೋಮಾ, ಕೆಂಟಕಿ) 83 ಎಸೆತಕ್ಕೆ 3 ಟಚ್‌ಡೌನ್, ಎಸೆತಕ್ಕೆ ಸರಾಸರಿ 6.8 ಯಾರ್ಡ್. ಕೊನೆಯ ಐದರಲ್ಲಿ 181 ಎಸೆತಕ್ಕೆ 12 ಟಚ್‌ಡೌನ್, ಎಸೆತಕ್ಕೆ 8.2 ಯಾರ್ಡ್. ಮೊದಲು 28 ಎಸೆತಕ್ಕೊಂದು ಟಚ್‌ಡೌನ್, ಆಮೇಲೆ 15 ಎಸೆತಕ್ಕೊಂದು. ಈಗ ನಗುವುದು ನಿಮ್ಮ ಸರದಿ.

ಇನ್ನೊಂದು ಸಲ ಗುಡ್ಡೆ ಬದಲಿಸೋಣ, ಯಾಕೆಂದರೆ ಅರ್ಕಾನ್ಸಾ ಆ ವರ್ಷ ಎಸ್‌ಇಸಿಯಲ್ಲಿ ಒಂದೂ ಮ್ಯಾಚ್ ಗೆಲ್ಲದ ತಂಡ. ಅವರ ವಿರುದ್ಧದ 389 ಯಾರ್ಡ್ ಅಂದರೆ ಸಪ್ಪೆ ಪಿಚ್ಚಿನ ಶತಕ. ಟೆಕ್ಸಸ್ ಎದುರಿಸಿದ ತಂಡಗಳಲ್ಲಿ ಪ್ಲೇಆಫ್‌ಗೆ (ರಾಷ್ಟ್ರೀಯ ಪ್ರಶಸ್ತಿಯ ಕೊನೆಯ ಸುತ್ತುಗಳಿಗೆ) ಹೋದವು ನಾಲ್ಕು. ಮೊದಲಾರ್ಧದಲ್ಲಿ ಓಹಿಯೋ ಸ್ಟೇಟ್ ಮತ್ತು ಓಕ್ಲಹೋಮಾ. ಕೊನೆಗೆ ಜಾರ್ಜಿಯಾ ಮತ್ತು ಟೆಕ್ಸಸ್ ಎ ಆ್ಯಂಡ್ ಎಂ. ಮೊದಲ ಜೋಡಿ ಎದುರು: ಎಸೆತಕ್ಕೆ 5.9 ಯಾರ್ಡ್, ಎರಡು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್, ಒಂದು ಸೋಲು, ಒಂದು ಗೆಲುವು. ಎರಡನೇ ಜೋಡಿ ಎದುರು: ಎಸೆತಕ್ಕೆ 6.0 ಯಾರ್ಡ್, ಎರಡು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್, ಒಂದು ಸೋಲು, ಒಂದು ಗೆಲುವು. ಕಾರ್ಬನ್ ಕಾಪಿ ಇಟ್ಟ ಹಾಗೆ. ಇದನ್ನು ಕೂಡಿಸಿ ನೋಡಿದಾಗ ನನಗೇ ಆಶ್ಚರ್ಯವಾಯಿತು.

ಅಂಕಿ ಹೇಳುವುದು ಇಲ್ಲಿಗೆ ನಿಂತಿತು. ನಡುಮಟ್ಟದ ತಂಡಗಳ ಎದುರು ಹುಡುಗ ಖಂಡಿತ ಬೆಳೆದ. ಮೇಲಿನ ಮಟ್ಟದ ಡಿಫೆನ್ಸ್ ಎದುರು ಅಂಕಿಯಲ್ಲಿ ಕಾಣುವಂಥ ಬದಲಾವಣೆ ಇನ್ನೂ ಬಂದಿಲ್ಲ. ನೀವಿಬ್ಬರೂ ಒಂದೊಂದು ಮ್ಯಾಚ್ ಹಿಡಿದುಕೊಂಡು ಜಗಳ ಆಡುತ್ತಿರುವುದು ಇದಕ್ಕೇ.

ಇನ್ನು ಒಳಗಿನ ಕಾರಣ. ಕ್ವಾರ್ಟರ್‌ಬ್ಯಾಕ್ ಅಂಕಿ ಅಂತ ನಾವು ಕರೆಯುವುದರಲ್ಲಿ ಬೇರೆಯವರ ಪಾಲು ಜಾಸ್ತಿ. ಟೆಕ್ಸಸ್‌ನ ಮುಂದಿನ ಸಾಲು ನೋಡಿ. ಅವನನ್ನು ಕಾಯುವ ಐವರು ಲೈನ್‌ಮನ್‌ಗಳಲ್ಲಿ ನಾಲ್ವರು 2024ರ ಸೀಸನ್ ಮುಗಿದ ಮೇಲೆ ಹೊರಟುಹೋಗಿದ್ದರು. ಎಡಗಡೆ ಕಾಯುತ್ತಿದ್ದ ಕೆಲ್ವಿನ್ ಬ್ಯಾಂಕ್ಸ್ ಜೂನಿಯರ್ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಸರದಿ) ಒಂಬತ್ತನೆಯವನಾಗಿ ಆಯ್ಕೆಯಾದ ಆಟಗಾರ. ಚೆಂಡು ಹಿಡಿಯುತ್ತಿದ್ದ ಮ್ಯಾಥ್ಯೂ ಗೋಲ್ಡನ್ ಕೂಡ ಮೊದಲ ಸುತ್ತಿನಲ್ಲೇ ಹೋದ. ಹೊಸ ಸಾಲು ಹೊಂದಿಕೊಳ್ಳಲು ತಿಂಗಳುಗಳು ಬೇಕು. ಯಾರು ಯಾರನ್ನು ತಡೆಯಬೇಕು ಅನ್ನುವುದು ಐದು ಜನರ ನಡುವಿನ ಮಾತು, ಒಬ್ಬ ತಪ್ಪಿದರೂ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ಫ್ಲೋರಿಡಾ ಮ್ಯಾಚ್‌ನಲ್ಲಿ ಆರು ಸಲ ಅವನನ್ನು ಕೆಡವಿದರು. ಸೀಸನ್ ಕೊನೆಗೆ ಆ ಸಾಲು ಗಟ್ಟಿಯಾಯಿತು. ಆಗ "ಆರ್ಚ್ ಸುಧಾರಿಸಿದ" ಅಂದೆವು. ಅರ್ಧ ಹೊಗಳಿಕೆ ಆ ಐವರಿಗೆ ಹೋಗಬೇಕು.

ಇನ್ನೊಂದು ಚಿಕ್ಕ ಮೋಸ ಇದೆ. ಹೆಚ್ಚಿನವರಿಗೆ ಗೊತ್ತಿಲ್ಲ. ಎನ್‌ಎಫ್‌ಎಲ್‌ನಲ್ಲಿ ಸ್ಯಾಕ್‌ನಿಂದ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಕಳೆದುಹೋದ ಯಾರ್ಡ್‌ಗಳನ್ನು ತಂಡದ ಪಾಸಿಂಗ್ ಲೆಕ್ಕದಿಂದ ಕಳೆಯುತ್ತಾರೆ. ಕಾಲೇಜಿನಲ್ಲಿ ಓಟದ ಲೆಕ್ಕದಿಂದ ಕಳೆಯುತ್ತಾರೆ. ಹಾಗಾಗಿ ಚೆಂಡು ಹಿಡಿದುಕೊಂಡೇ ನಿಂತು ಹೊಡೆಸಿಕೊಳ್ಳುವ ಹುಡುಗನ ಪಾಸಿಂಗ್ ಅಂಕಿ ಕೆಡುವುದೇ ಇಲ್ಲ. ಬೇಗ ನಿರ್ಧಾರ ಮಾಡಿ ಚೆಂಡನ್ನು ಗೆರೆಯಾಚೆ ಬಿಸಾಡಿ ತಂಡವನ್ನು ಉಳಿಸುವ ಹುಡುಗನ ಶೇಕಡಾವಾರು ಕೆಳಗಿಳಿಯುತ್ತದೆ. ಬುದ್ಧಿವಂತಿಕೆಗೆ ದಂಡ, ಪೆದ್ದುತನಕ್ಕೆ ಮಾಫಿ.

ವ್ಯಾಂಡರ್‌ಬಿಲ್ಟ್ ಮ್ಯಾಚ್‌ನ ಮೊದಲ ಆಟ ನಿಮಗೆ ನೆನಪಿರಬೇಕು. ರಿಸೀವರ್ (ಚೆಂಡು ಹಿಡಿಯುವವನು) ರಯಾನ್ ವಿಂಗೋಗೆ 75 ಯಾರ್ಡ್ ಟಚ್‌ಡೌನ್. ಅಂಕಿಪಟ್ಟಿಯಲ್ಲಿ ಪೂರ್ತಿ 75 ಯಾರ್ಡ್ ಆರ್ಚ್ ಹೆಸರಿಗೆ. ಚೆಂಡು ಗಾಳಿಯಲ್ಲಿ ಹೋದದ್ದಕ್ಕಿಂತ ವಿಂಗೋ ನೆಲದ ಮೇಲೆ ಓಡಿದ್ದೇ ಜಾಸ್ತಿ. ಆದರೂ ಆ ಎಸೆತ ನನಗೆ ಇಷ್ಟ. ಯಾಕೆ ಅಂತ ಹೇಳಿದರೆ ನಿಮ್ಮ ಮುಖ್ಯ ಪ್ರಶ್ನೆಗೆ ಬಂದ ಹಾಗಾಗುತ್ತದೆ.

ಏನು ನೋಡಬೇಕು? ಕಾಲು ನೋಡಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನೀವು ಓಡಬೇಡಿ. ಸ್ನ್ಯಾಪ್ ಆದ, ಅಂದರೆ ಚೆಂಡು ಕೈಗೆ ಬಂದ ಕೂಡಲೇ ಕ್ವಾರ್ಟರ್‌ಬ್ಯಾಕ್ ಹಿಂದೆ ಹೆಜ್ಜೆ ಹಾಕುತ್ತಾನೆ. ಕೊನೆಯ ಹೆಜ್ಜೆ ಊರಿದ ತಕ್ಷಣ ಚೆಂಡು ಕೈ ಬಿಡಬೇಕು, ಇಲ್ಲವೇ ಮುಂದಕ್ಕೆ ಒಂದು ಪುಟ್ಟ ಹೆಜ್ಜೆ ಇಟ್ಟು ಬಿಡಬೇಕು. ಆಗಸ್ಟ್, ಸೆಪ್ಟೆಂಬರ್‌ನ ಆರ್ಚ್ ಹಿಂದಕ್ಕೆ ಜಾರುತ್ತಿದ್ದ. ಭಾರ ಹಿಂಗಾಲಿನ ಮೇಲೆ, ಕೈ ಪಕ್ಕದಿಂದ ಬೀಸುತ್ತಿತ್ತು. ಬ್ಯಾಟ್ಸ್‌ಮನ್ ಕಾಲು ಅಲುಗಿಸದೆ ಕೈ ಮಾತ್ರ ಚಾಚಿದರೆ ಏನಾಗುತ್ತದೆ? ಸ್ಲಿಪ್‌ಗೆ ಕ್ಯಾಚು. ಇಲ್ಲೂ ಹಾಗೇ. ಭಾರ ಹಿಂದೆ ಉಳಿದರೆ ಚೆಂಡು ರಿಸೀವರ್ ತಲೆ ಮೇಲೆ ಹಾರುತ್ತದೆ. ಮೈದಾನದ ನಡುವೆ ತಲೆ ಮೇಲೆ ಹಾರಿದ ಚೆಂಡಿಗಾಗಿ ಹಿಂದೆ ಎದುರಾಳಿಯ ಸೇಫ್ಟಿ (ಕೊನೆಯ ಕಾವಲುಗಾರ) ಕಾಯುತ್ತಿರುತ್ತಾನೆ.

ಕಾಲು ಯಾಕೆ ಜಾರುತ್ತದೆ? ತಂತ್ರ ಗೊತ್ತಿಲ್ಲ ಅಂತಲ್ಲ. ಪೇಟನ್, ಈಲೈ ಇರುವ ಮನೆಯಲ್ಲಿ ಕಾಲಿನ ಕೆಲಸ ಹೇಳಿಕೊಡಲು ಜನ ಇಲ್ಲವಾ? ಕಣ್ಣು ಇನ್ನೂ ಹುಡುಕುತ್ತಿದ್ದರೆ ಕಾಲು ನಿಲ್ಲುವುದಿಲ್ಲ. ಎಲ್ಲಿ ಎಸೆಯಬೇಕೆಂದು ಖಾತ್ರಿ ಇದ್ದವನ ಕಾಲು ತಾನಾಗಿ ಊರುತ್ತದೆ. ಆದ್ದರಿಂದ ಕಾಲು ನೋಡುವುದು ಅಂದರೆ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಹೊರಗಿನಿಂದ ನೋಡುವುದು. ವಿಂಗೋಗೆ ಕೊಟ್ಟ ಆ ಎಸೆತದಲ್ಲಿ ಹುಡುಕಾಟವೇ ಇರಲಿಲ್ಲ. ಚೆಂಡು ಬಂತು, ಹೋಯಿತು. ಕೆಂಟಕಿ ಮ್ಯಾಚ್‌ನಲ್ಲಿ ಅದೇ ಹುಡುಗ ಎರಡು ಸಲ, ಮೂರು ಸಲ ಚೆಂಡು ತಟ್ಟುತ್ತಾ ನಿಂತಿದ್ದ. ಎರಡು ವಾರದ ಅಂತರದಲ್ಲಿ ನನ್ನ ಕಣ್ಣಿಗೆ ಕಂಡ ದೊಡ್ಡ ಬದಲಾವಣೆ ಇದು.

ಎರಡನೆಯದು, ತಪ್ಪಿದ ಎಸೆತಗಳು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಜನ ಚೆಂದದ ಎಸೆತ ನೋಡಿ ಆಟಗಾರನನ್ನು ಅಳೆಯುತ್ತಾರೆ. ಚೆಂದದ ಎಸೆತ ಹೈಸ್ಕೂಲ್ ಹುಡುಗರೂ ದಿನಕ್ಕೆ ಎರಡು ಹಾಕುತ್ತಾರೆ. ತಪ್ಪುಗಳಲ್ಲಿ ಜಾತಿ ಇದೆ. ಗೆರೆಯ ಪಕ್ಕ, ತನ್ನ ರಿಸೀವರ್ ಬಿಟ್ಟು ಬೇರೆ ಯಾರಿಗೂ ಸಿಗದ ಕಡೆ ಬಿದ್ದ ತಪ್ಪು ಒಳ್ಳೆಯ ತಪ್ಪು. ರಿಸೀವರ್ ಕೈಗೆ ಬಡಿದು ಬಿದ್ದದ್ದು ಅವನ ತಪ್ಪೇ ಅಲ್ಲ. ತಡವಾಗಿ, ಮೈದಾನದ ಅಡ್ಡಕ್ಕೆ, ನಡುವಿಗೆ ಎಸೆದದ್ದು ಕೆಟ್ಟ ತಪ್ಪು. ಅದು ಇಂಟರ್‌ಸೆಪ್ಷನ್ ಆಗದೆ ನೆಲಕ್ಕೆ ಬಿದ್ದರೂ ಕೆಟ್ಟದ್ದೇ. ತಿಂಗಳಿನಿಂದ ತಿಂಗಳಿಗೆ ಕೆಟ್ಟ ತಪ್ಪು ಕಡಿಮೆಯಾಗಿ ಒಳ್ಳೆಯ ತಪ್ಪು ಜಾಸ್ತಿ ಆಗುತ್ತಿದ್ದರೆ ಹುಡುಗ ಕಲಿಯುತ್ತಿದ್ದಾನೆ. ಅಂಕಿಪಟ್ಟಿಯಲ್ಲಿ ಎರಡೂ ಒಂದೇ, ಬರೀ ಸೊನ್ನೆ.

ಕಾಲೇಜಿಗೆ ಮಾತ್ರ ಸೇರಿದ ಒಂದು ವಿಷಯ ಇಲ್ಲೇ ಹೇಳಬೇಕು. ಮೈದಾನದ ಉದ್ದಕ್ಕೂ ಹ್ಯಾಷ್ ಮಾರ್ಕ್ ಅಂತ ಎರಡು ಸಾಲು ಗುರುತು ಇರುತ್ತವೆ. ಎನ್‌ಎಫ್‌ಎಲ್‌ನಲ್ಲಿ ಅವುಗಳ ನಡುವೆ 18.5 ಅಡಿ, ಕಾಲೇಜಿನಲ್ಲಿ 40 ಅಡಿ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಬದಿಗೆ ಹೋದರೆ ಇನ್ನೊಂದು ಬದಿ ತುಂಬ ಅಗಲ. ಆ ಅಗಲದ ಕಡೆಗೆ, ಗೆರೆಯ ಹತ್ತಿರ ತಿರುಗುವ ರಿಸೀವರ್‌ಗೆ ಎಸೆಯುವುದು ಕಷ್ಟ. ಅರ್ಧ ಸೆಕೆಂಡ್ ತಡವಾದರೆ ಎದುರಾಳಿ ನಡುವೆ ನುಗ್ಗಿ ಓಡಿಬಿಡುತ್ತಾನೆ. ರಿಸೀವರ್ ತಿರುಗುವ ಮೊದಲೇ ಚೆಂಡು ಕೈ ಬಿಟ್ಟಿತಾ ನೋಡಿ. ಬಿಟ್ಟಿದ್ದರೆ, ಮುಟ್ಟಲಿ ಬಿಡಲಿ, ಆ ಹುಡುಗನಿಗೆ ಎದುರಿನ ಡಿಫೆನ್ಸ್ ಓದಲು ಬರುತ್ತಿದೆ ಎಂದು ಅರ್ಥ.

ನಾನು ಮೋಸ ಹೋದ ಕತೆ ಹೇಳುತ್ತೇನೆ ಅಂದೆನಲ್ಲ. ಈ ಕೆಲಸಕ್ಕೆ ಬಂದ ಹೊಸತು. ಒಂದು ಶಾಲೆಯ ಹುಡುಗ ಸೀಸನ್ ನಡುವೆ ಕುಸಿದ. ಮುಟ್ಟುವ ಎಸೆತ ಕಡಿಮೆಯಾಗುತ್ತಲೇ ಹೋಯಿತು. ಆತ್ಮವಿಶ್ವಾಸ ಹೋಗಿದೆ, ಬೇರೆಯವನನ್ನು ಹಾಕಿ ಎಂದು ಬರೆದು ಕೋಚ್ ಕೈಗೆ ಕೊಟ್ಟೆ. ಆ ಹಿರಿಯರು ಓದಿ, ಮೇಜಿನ ಮೇಲಿಟ್ಟು, "ಎಡಗಡೆ ಟ್ಯಾಕಲ್ ಯಾರು ಆಡುತ್ತಿದ್ದಾನೆ ನೋಡಿದೆಯಾ?" ಅಂದರು. ನೋಡಿರಲಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆ ಜಾಗದ ಮೂಲ ಹುಡುಗನಿಗೆ ಮೊಣಕಾಲು ನೋವು, ಅವನ ಜಾಗದಲ್ಲಿ ಹೊಸಬ. ಅದರ ಮೇಲೆ, ದೂರದ ಎಸೆತ ಜಾಸ್ತಿ ಹಾಕು ಎಂದು ಕೋಚೇ ಹುಡುಗನಿಗೆ ಹೇಳಿದ್ದರು. ದೂರದ್ದು ಹಾಕಿದರೆ ಮುಟ್ಟುವುದು ಕಡಿಮೆ. ಹುಡುಗ ಹೇಳಿದ್ದನ್ನೇ ಮಾಡುತ್ತಿದ್ದ, ನಾನು ಅವನಿಗೆ ಫೇಲ್ ಅಂತ ಬರೆದಿದ್ದೆ. ಅವತ್ತಿನಿಂದ ಕ್ವಾರ್ಟರ್‌ಬ್ಯಾಕ್ ನೋಡುವ ಮೊದಲು ಉಳಿದ ಹತ್ತು ಜನರನ್ನು ನೋಡುತ್ತೇನೆ.

ಈಗ ಕೂರಿಸುವ ಪ್ರಶ್ನೆ. ಫ್ಲೋರಿಡಾದಲ್ಲಿ ಸೋತ ಮೇಲೆ ಟೆಕ್ಸಸ್ ಕೋಚ್ ಸ್ಟೀವ್ ಸಾರ್ಕಿಸಿಯನ್ ಮುಂದೆ ದಾರಿ ಮೂರು ನಾಲ್ಕಿದ್ದವು. ಒಂದು, ಕೂರಿಸುವುದು. ಅದರಿಂದ ಒಮ್ಮೊಮ್ಮೆ ಲಾಭ ಆಗಿದೆ. 2021ರ ಅಕ್ಟೋಬರ್‌ನಲ್ಲಿ ಓಕ್ಲಹೋಮಾ ಇದೇ ಟೆಕ್ಸಸ್ ವಿರುದ್ಧ ತುಂಬ ಹಿಂದಿದ್ದಾಗ ಸ್ಪೆನ್ಸರ್ ರ‍್ಯಾಟ್ಲರ್‌ನನ್ನು ಕೂರಿಸಿ ಕೇಲಬ್ ವಿಲಿಯಮ್ಸ್‌ನನ್ನು ಇಳಿಸಿ 55-48ಕ್ಕೆ ಗೆದ್ದಿತು. ಆದರೆ ಅವರ ಬೆಂಚಿನಲ್ಲಿ ಕೇಲಬ್ ಇದ್ದ, ಮುಂದೆ ಹೈಸ್ಮನ್ (ಕಾಲೇಜು ಆಟದ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ) ಗೆದ್ದವನು. ಬೆಂಚಿನಲ್ಲಿ ಯಾರಿದ್ದಾರೆ ಎಂದು ಕೇಳದೆ ಕೂರಿಸಿ ಅನ್ನುವುದು ಸುಲಭ. ಕೂರಿಸಿದ ಮೇಲೆ ಹುಡುಗ ಸಾಮಾನ್ಯವಾಗಿ ಉಳಿಯುವುದೂ ಇಲ್ಲ. ರ‍್ಯಾಟ್ಲರ್ ಮುಂದಿನ ವರ್ಷ ಸೌತ್ ಕೆರೊಲಿನಾಗೆ ಹೋದ. ಈಗಂತೂ ಕಾಲೇಜು ಬದಲಿಸುವವರಿಗೆ ಟ್ರಾನ್ಸ್‌ಫರ್ ಪೋರ್ಟಲ್ ಬಾಗಿಲು ಪ್ರತಿ ವರ್ಷ ತೆರೆಯುತ್ತದೆ.

ಕೂರಿಸಿದರೆ ಹುಡುಗ ಮುಗಿದ ಅನ್ನುವುದೂ ಸುಳ್ಳೇ. 2018ರ ಜನವರಿಯಲ್ಲಿ ರಾಷ್ಟ್ರೀಯ ಫೈನಲ್‌ನ ಅರ್ಧದಲ್ಲೇ ಅಲಬಾಮಾ ಜೇಲನ್ ಹರ್ಟ್ಸ್‌ನನ್ನು ಕೂರಿಸಿತು. ಜಾರ್ಜಿಯಾ 13-0 ಮುಂದಿತ್ತು. ಬದಲಿಗೆ ಬಂದ ಟುವಾ ಗೆಲ್ಲಿಸಿದ. ಹರ್ಟ್ಸ್ ಒಂದು ವರ್ಷ ಬೆಂಚಿನಲ್ಲೇ ಇದ್ದ. ಅದೇ ಡಿಸೆಂಬರ್‌ನಲ್ಲಿ ಟುವಾ ಗಾಯಗೊಂಡಾಗ ಎದ್ದು ಬಂದು ಅದೇ ಜಾರ್ಜಿಯಾವನ್ನು ಸೋಲಿಸಿದ. 2025ರ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ನ ಅತ್ಯುತ್ತಮ ಆಟಗಾರ. ಅಂಥ ಗಟ್ಟಿ ಜೀವ ಎಲ್ಲರಿಗೂ ಇರುವುದಿಲ್ಲ, ಅದನ್ನು ನಂಬಿಕೊಂಡು ಕೋಚ್ ತೀರ್ಮಾನ ಮಾಡಲಾಗುವುದಿಲ್ಲ.

ಎರಡನೇ ದಾರಿ, ಎಸೆತ ಚಿಕ್ಕದು ಮಾಡುವುದು. ಓಕ್ಲಹೋಮಾ ವಿರುದ್ಧ ಇದನ್ನೇ ಮಾಡಿದರು. 27ಕ್ಕೆ 21 ಮುಟ್ಟಿದವು, ಆದರೆ ಒಟ್ಟು ಬರೀ 166 ಯಾರ್ಡ್. ಗೆದ್ದರು. ಇದರ ಅಪಾಯ ಮುಂದಿನ ವಾರವೇ ಕಾಣಿಸಿತು. ಚಿಕ್ಕ ಎಸೆತ ಮಾತ್ರ ಬರುತ್ತದೆ ಎಂದು ಗೊತ್ತಾದರೆ ಡಿಫೆನ್ಸ್ ಮುಂದಕ್ಕೆ ಬಂದು ಕೂರುತ್ತದೆ, ಉಸಿರಾಡಲು ಜಾಗ ಇರುವುದಿಲ್ಲ. ಕೆಂಟಕಿಯಲ್ಲಿ 132 ಯಾರ್ಡ್, ಓವರ್‌ಟೈಮ್‌ನಲ್ಲಿ 16-13. ಅದನ್ನು ಗೆಲ್ಲಿಸಿದ್ದು ಡಿಫೆನ್ಸ್ ಮತ್ತು ಕಿಕ್ಕರ್.

ಮೂರನೆಯದು, ಓಡಲು ಬಿಡುವುದು. ಹುಡುಗ ಓಡುತ್ತಾನೆ, ಅದರಲ್ಲಿ ಅನುಮಾನವೇ ಇಲ್ಲ. ಎ ಆ್ಯಂಡ್ ಎಂ ವಿರುದ್ಧ 35 ಯಾರ್ಡ್ ಓಡಿ ಹಾಕಿದ ಟಚ್‌ಡೌನ್ ನೋಡಿದ್ದೀರಿ. ಡಿಸೆಂಬರ್ 31ರ ಸಿಟ್ರಸ್ ಬೌಲ್‌ನಲ್ಲಿ (ಸೀಸನ್ ಮುಗಿದ ಮೇಲಿನ ಪಂದ್ಯ) ಮಿಷಿಗನ್ ವಿರುದ್ಧ 155 ಯಾರ್ಡ್ ಓಡಿದ. ಆದರೆ ಓಡುವವನಿಗೆ ಏಟು ಬೀಳುತ್ತದೆ. ಮಿಸಿಸಿಪ್ಪಿ ಸ್ಟೇಟ್ ಮ್ಯಾಚ್‌ನಲ್ಲಿ 17 ಅಂಕ ಹಿಂದಿದ್ದ ತಂಡವನ್ನು ಸಮಕ್ಕೆ ತಂದ ಹುಡುಗ ಓವರ್‌ಟೈಮ್‌ನಲ್ಲಿ ತಲೆಗೆ ಪೆಟ್ಟಾಗಿ ಹೊರಬಂದ. ಗೆಲುವಿನ ಎಸೆತ ಹಾಕಿದ್ದು ಬದಲಿ ಆಟಗಾರ ಮ್ಯಾಥ್ಯೂ ಕಾಲ್ಡ್‌ವೆಲ್. ತಲೆಗೆ ಪೆಟ್ಟು ಅಂದರೆ ನನಗೆ ಆಟದ ಮೇಲಿನ ಆಸೆಯೇ ಹೋಗುತ್ತದೆ. ಎರಡು ಗೆಲುವಿಗಾಗಿ ಆ ದಾರಿಯನ್ನೇ ನೆಚ್ಚಬಾರದು.

ಉಳಿದದ್ದು ತಾಳ್ಮೆ. ಸಾರ್ಕಿಸಿಯನ್ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿ, ಹುಡುಗನನ್ನು ಮಾತ್ರ ಅಲ್ಲೇ ಇಟ್ಟರು. ಕೂರಿಸದೆ ಇದ್ದದ್ದು ಸರಿ ಅಂತ ನನ್ನ ಅಭಿಪ್ರಾಯ. ಅದಕ್ಕೆ ಬೆಲೆಯೂ ಕೊಟ್ಟರು. 9 ಗೆಲುವು, 3 ಸೋಲಿನಲ್ಲಿ ಪ್ಲೇಆಫ್ ತಪ್ಪಿತು. ಮಗಳ ಗೆಳೆಯರ ಸಿಟ್ಟು ಪೂರ್ತಿ ತಪ್ಪಲ್ಲ ಅನ್ನುವುದನ್ನು ಒಪ್ಪಬೇಕು.

ಈ ವರ್ಷ ಏನು ನಿರೀಕ್ಷಿಸಬಹುದು? ಎಲ್ಲರೂ ಜೋ ಬರೋ ಉದಾಹರಣೆ ತರುತ್ತಾರೆ. ಎಲ್‌ಎಸ್‌ಯುನಲ್ಲಿ (ಲೂಸಿಯಾನಾ ಸ್ಟೇಟ್) 2018ರಲ್ಲಿ ಮುಟ್ಟಿದ ಎಸೆತ ಶೇಕಡಾ 57.8, 16 ಟಚ್‌ಡೌನ್. 2019ರಲ್ಲಿ ಶೇಕಡಾ 76.3, 60 ಟಚ್‌ಡೌನ್. ನಿಜ. ಆದರೆ ನಡುವೆ ಜೋ ಬ್ರೇಡಿ ಬಂದು ಎಸೆಯುವ ಆಟದ ರೀತಿಯನ್ನೇ ಬದಲಿಸಿದ್ದರು. ಚೆಂಡು ಹಿಡಿಯಲು ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಇದ್ದರು. ಅಂಥದ್ದು ಲಾಟರಿ. ನನಗೆ ಹೆಚ್ಚು ಹತ್ತಿರ ಅನಿಸುವುದು ಜೇಡನ್ ಡೇನಿಯಲ್ಸ್. 2021ರಲ್ಲಿ ಆರಿಜೋನಾ ಸ್ಟೇಟ್‌ನಲ್ಲಿ ಎಸೆದ ಟಚ್‌ಡೌನ್ 10, ಇಂಟರ್‌ಸೆಪ್ಷನ್ 10. 2023ರಲ್ಲಿ ಎಲ್‌ಎಸ್‌ಯುನಲ್ಲಿ 40 ಮತ್ತು 4, ಹೈಸ್ಮನ್ ಬೇರೆ. ನಡುವೆ ಒಂದು ಪೂರ್ತಿ ವರ್ಷ, ಒಂದು ಊರು, ಒಂದು ಕೋಚ್ ಬದಲಾದರು. ಈ ಆಟದಲ್ಲಿ ಬೆಳೆಯುವುದು ವಾರದ ಲೆಕ್ಕದಲ್ಲಲ್ಲ, ಡಿಸೆಂಬರ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳಲ್ಲಿ. ಸೀಸನ್ ನಡೆಯುವಾಗ ನಿಯಮದ ಪ್ರಕಾರ ವಾರಕ್ಕೆ 20 ಗಂಟೆ ಅಭ್ಯಾಸ ಅಷ್ಟೇ. ಅದರಲ್ಲಿ ಮುಂದಿನ ಎದುರಾಳಿಯ ತಯಾರಿಗೇ ಹೆಚ್ಚು ಹೊತ್ತು ಹೋಗುತ್ತದೆ, ಕಾಲಿನ ಕೆಲಸ ತಿದ್ದಲು ಎಲ್ಲಿಂದ ಬರಬೇಕು?

ಬಾಜಿಯ ತೀರ್ಪು ಕೊಟ್ಟುಬಿಡುತ್ತೇನೆ. ಮಾತಿನ ಪ್ರಕಾರ ನೀವು ಗೆದ್ದಿದ್ದೀರಿ, ಕಾಲು ಊರಿತು, ಕೆಟ್ಟ ತಪ್ಪು ಕಡಿಮೆಯಾಯಿತು. ಆದರೆ ಆ ನಾಲ್ಕು ಪ್ಲೇಆಫ್ ತಂಡಗಳ ಅಂಕಿ ನಿಮ್ಮ ಸ್ನೇಹಿತರ ಕಡೆ ಇದೆ. ಅನ್ನ, ಬೇಳೆ, ತರಕಾರಿ ಅವರದ್ದು, ಮಸಾಲೆ ಪುಡಿ ಮತ್ತು ತುಪ್ಪ ನಿಮ್ಮದು. ಖಾರಾಬೂಂದಿ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.

ಸೆಪ್ಟೆಂಬರ್ 12ಕ್ಕೆ ಓಹಿಯೋ ಸ್ಟೇಟ್ ಆಸ್ಟಿನ್‌ಗೆ ಬರುತ್ತದೆ. ಒಂದು ವರ್ಷದ ಹಿಂದೆ ಅವರ ಮೈದಾನದಲ್ಲಿ 30ಕ್ಕೆ 17, 170 ಯಾರ್ಡ್, 14-7 ಸೋಲು. ಅದೇ ಕಾಲೇಜು, ಅದೇ ಮಟ್ಟದ ಡಿಫೆನ್ಸ್. ಹೋಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ನಿಮ್ಮ ಸ್ನೇಹಿತರ ಜೊತೆ ಕೂತು ಒಂದು ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ. ತಪ್ಪಿದ ಎಸೆತಗಳನ್ನು ಮಾತ್ರ ಬರೆಯಿರಿ: ಕಾಲು ಊರಿತ್ತಾ, ಎಲ್ಲಿ ಬಿತ್ತು, ಬೇರೆ ಯಾರಿಗಾದರೂ ಸಿಗುತ್ತಿತ್ತಾ. ಇಬ್ಬರೂ ಬೇರೆ ಬೇರೆ ಬರೆಯಿರಿ, ಒಬ್ಬರದ್ದು ಇನ್ನೊಬ್ಬರು ನೋಡಬೇಡಿ. ಹಾಫ್‌ಟೈಮ್‌ನಲ್ಲಿ ಎರಡೂ ಹಾಳೆಯ ಫೋಟೋ ನನಗೆ ಕಳಿಸಿ. ನಾನೂ ಒಂದು ಬರೆದಿಟ್ಟುಕೊಂಡಿರುತ್ತೇನೆ.